ಕ್ಯಾನ್ಸರ್ ವಂಶವಾಹಿ ಸಂಶೋಧನೆ ಮತ್ತು ಆರೋಗ್ಯದ ಅಸಮಾನತೆ: ಆಡಳಿತದ ಮೇಜಿನ ಪಾತ್ರ

ಕ್ಯಾನ್ಸರ್ ಸಂಶೋಧನೆ ಎಂದೊಡನೆ ಸಾಮಾನ್ಯವಾಗಿ ನಮ್ಮ ಕಣ್ಮುಂದೆ ಸುಳಿಯುವುದು ಸೂಕ್ಷ್ಮದರ್ಶಕ, ಗಾಜಿನ ನಳಿಕೆ ಮತ್ತು ಬಿಳಿಯ ನಿಲುವಂಗಿ. ಆದರೆ ಪ್ರತಿಯೊಂದು ದೊಡ್ಡ ಸಂಶೋಧನೆಯ ಬೆನ್ನಿಗೆ ಒಂದು ಕಛೇರಿಯಿರುತ್ತದೆ. ಅಲ್ಲಿ ಕಡತಗಳಿರುತ್ತವೆ, ಆಯವ್ಯಯ ಪಟ್ಟಿಯಿರುತ್ತದೆ, ಸಹಿ ಮಾಡಿದ ಒಪ್ಪಿಗೆ ಪತ್ರಗಳಿರುತ್ತವೆ. ಇವೆಲ್ಲವನ್ನೂ ಒಂದಕ್ಕೊಂದು ತಾಳೆ ನೋಡುವ ಸಿಬ್ಬಂದಿಯಿರುತ್ತಾರೆ. ವಿಜ್ಞಾನಿಗಳ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಈ ಮೇಜಿನವರ ಹೆಸರು ಬರುವುದಿಲ್ಲ.

ಬ್ಯಾಂಕಿನ ಮೇಜಿನ ಮುಂದೆ ಆಯುಷ್ಯದ ಬಹುಭಾಗವನ್ನು ಕಳೆದ ನಮ್ಮಂಥವರಿಗೆ ಈ ಕೆಲಸದ ಸ್ವರೂಪ ಅಪರಿಚಿತವೇನಲ್ಲ. ಲೆಕ್ಕ ತಾಳೆಯಾಗದಿದ್ದರೆ ದಿನ ಮುಗಿಯುವುದಿಲ್ಲ ಎಂಬ ನಿಯಮ ಅಲ್ಲಿಗೂ ಅನ್ವಯಿಸುತ್ತದೆ. ಆದರೆ ಅಲ್ಲಿನ ಪುಸ್ತಕದಲ್ಲಿ ಬಿಟ್ಟುಹೋಗುವುದು ರೂಪಾಯಿಯಲ್ಲ, ಮನುಷ್ಯರು. ಯಾರ ರಕ್ತವನ್ನು ಪರೀಕ್ಷಿಸಲಾಯಿತು, ಯಾರಿಗೆ ಅವರದೇ ಭಾಷೆಯಲ್ಲಿ ವಿಷಯವನ್ನು ತಿಳಿಸಲಾಯಿತು, ಫಲಿತಾಂಶ ಯಾರ ಮನೆಗೆ ತಲುಪಿತು ಎಂಬುದೆಲ್ಲ ಬಹುಮಟ್ಟಿಗೆ ಆ ಮೇಜಿನಲ್ಲಿಯೇ ನಿರ್ಧಾರವಾಗುತ್ತದೆ. ಅಮೆರಿಕದ ಷಿಕಾಗೋ ನಗರದ ನಿದರ್ಶನವನ್ನು ಮುಖ್ಯವಾಗಿಟ್ಟುಕೊಂಡು ಈ ವ್ಯವಸ್ಥೆಯನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಂಶವಾಹಿ ಮತ್ತು ಕ್ಯಾನ್ಸರ್: ಸಂಕ್ಷಿಪ್ತ ಹಿನ್ನೆಲೆ

ಎಲ್ಲ ಕ್ಯಾನ್ಸರುಗಳೂ ಜೀವಕೋಶದ ವಂಶವಾಹಿಗಳಲ್ಲಿ ಆಗುವ ಬದಲಾವಣೆಯಿಂದ ಹುಟ್ಟುತ್ತವೆ. ಆದರೆ ಎಲ್ಲವೂ ತಂದೆತಾಯಿಯಿಂದ ಬಂದವಲ್ಲ. ಹುಟ್ಟಿನಿಂದಲೇ ಬಂದ ದೋಷದಿಂದ ಉಂಟಾಗುವ ಕ್ಯಾನ್ಸರ್ ಒಟ್ಟು ಪ್ರಕರಣಗಳಲ್ಲಿ ಶೇಕಡಾ 5ರಿಂದ 10ರಷ್ಟು ಮಾತ್ರ. ಉಳಿದವು ವಯಸ್ಸು, ತಂಬಾಕು, ಸೋಂಕು, ಆಹಾರ, ಪರಿಸರ ಮೊದಲಾದ ಕಾರಣಗಳಿಂದ ಬದುಕಿನ ನಡುವೆ ಸಂಭವಿಸುವಂಥವು.

1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರು ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಕಾಣಿಸಿಕೊಳ್ಳುವ ಕುಟುಂಬಗಳನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾದ ವಂಶವಾಹಿಯೊಂದು 17ನೆಯ ವರ್ಣತಂತುವಿನಲ್ಲಿದೆಯೆಂದು ತೋರಿಸಿದರು. ಬಿಆರ್‌ಸಿಎ-1 ಎಂದು ಹೆಸರಾದ ಆ ವಂಶವಾಹಿಯನ್ನು 1994ರಲ್ಲಿಯೂ, ಬಿಆರ್‌ಸಿಎ-2 ಎಂಬ ಇನ್ನೊಂದನ್ನು 1995ರಲ್ಲಿಯೂ ಪ್ರತ್ಯೇಕವಾಗಿ ಗುರುತಿಸಲಾಯಿತು. ಇವುಗಳ ಸಹಜ ಕೆಲಸ ಜೀವಕೋಶದೊಳಗಿನ ಡಿಎನ್ಎ ಹರಿದಾಗ ಅದನ್ನು ಸರಿಪಡಿಸುವುದು. ಈ ದುರಸ್ತಿ ಕೆಲಸ ಕೆಟ್ಟಾಗ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ. ಇವೆರಡರಲ್ಲಿ ಒಂದು ದೋಷವನ್ನು ಹೊತ್ತ ಮಹಿಳೆಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 60ಕ್ಕೂ ಹೆಚ್ಚು. ಅಮೆರಿಕದ ಸಾಮಾನ್ಯ ಮಹಿಳೆಗೆ ಅದು ಸುಮಾರು 13. ದೋಷವಿರುವವರ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧಕ್ಕರ್ಧ.

ಹೀಗಾಗಿ ವಂಶವಾಹಿ ಪರೀಕ್ಷೆಯೆಂಬುದು ಒಬ್ಬರ ಪರೀಕ್ಷೆಯಾಗಿ ಉಳಿಯುವುದಿಲ್ಲ. ಅದು ಮನೆತನದ ಪರೀಕ್ಷೆಯಾಗುತ್ತದೆ. ತಾಯಿಯ ಫಲಿತಾಂಶದಲ್ಲಿ ಮಗಳ ಭವಿಷ್ಯದ ಸುಳಿವಿರುತ್ತದೆ. ಮೊದಲೇ ತಿಳಿದರೆ ಎಚ್ಚರಿಕೆಯ ತಪಾಸಣೆ, ಔಷಧ ಅಥವಾ ಶಸ್ತ್ರಕ್ರಿಯೆಯ ಮೂಲಕ ಅಪಾಯವನ್ನು ತಗ್ಗಿಸಲು ಸಾಧ್ಯ. ಈ ಅನುಕೂಲ ಯಾರಿಗೆ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂಬಲ್ಲಿ ಅಸಮಾನತೆಯ ಪ್ರಶ್ನೆ ಆರಂಭವಾಗುತ್ತದೆ.

ಅಸಮಾನತೆ ಎಂದರೇನು?

ಅಮೆರಿಕದಲ್ಲಿ ಕಪ್ಪು ಜನಾಂಗದ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವ ಪ್ರಮಾಣ ಬಿಳಿಯ ಮಹಿಳೆಯರಿಗಿಂತ ಸ್ವಲ್ಪ ಕಡಿಮೆ. ಆದರೆ ಅದರಿಂದ ಸಾಯುವ ಪ್ರಮಾಣ ಸುಮಾರು ಶೇಕಡಾ 40ರಷ್ಟು ಹೆಚ್ಚು. ಬರುವುದು ಕಡಿಮೆ, ಸಾಯುವುದು ಹೆಚ್ಚು ಎಂಬ ಈ ವಿಪರ್ಯಾಸಕ್ಕೆ ಇಂಗ್ಲಿಷಿನ ಆಡಳಿತ ಭಾಷೆಯಲ್ಲಿ ‘ಹೆಲ್ತ್ ಡಿಸ್ಪ್ಯಾರಿಟಿ’ ಎನ್ನುತ್ತಾರೆ. ನಾವು ಆರೋಗ್ಯದ ಅಸಮಾನತೆ ಎನ್ನೋಣ.

ಷಿಕಾಗೋ ನಗರದ ಅಂಕಿಅಂಶ ಇನ್ನೂ ಕಣ್ತೆರೆಸುವಂಥದು. 1980ರಲ್ಲಿ ಅಲ್ಲಿ ಕಪ್ಪು ಮತ್ತು ಬಿಳಿಯ ಮಹಿಳೆಯರ ಸ್ತನ ಕ್ಯಾನ್ಸರ್ ಮರಣ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. 2003ರ ಹೊತ್ತಿಗೆ ಕಪ್ಪು ಮಹಿಳೆಯರ ಪ್ರಮಾಣ ಶೇಕಡಾ 68ರಷ್ಟು ಮೇಲಿತ್ತು. ಇಪ್ಪತ್ತಮೂರು ವರ್ಷಗಳಲ್ಲಿ ಯಾವ ಜನಾಂಗದ ವಂಶವಾಹಿಯೂ ಬದಲಾಗುವುದಿಲ್ಲ. ಬದಲಾದದ್ದು ಚಿಕಿತ್ಸೆ. ತಪಾಸಣೆಯ ಯಂತ್ರಗಳು, ಹೊಸ ಔಷಧಗಳು, ನುರಿತ ತಜ್ಞರು ನಗರದ ಒಂದು ಭಾಗಕ್ಕೆ ಬಂದಷ್ಟು ಬೇಗ ಇನ್ನೊಂದು ಭಾಗಕ್ಕೆ ಬರಲಿಲ್ಲ.

ಹಾಗೆಂದು ಜೀವಶಾಸ್ತ್ರದ ಪಾತ್ರವೇ ಇಲ್ಲವೆಂದಲ್ಲ. ಉತ್ತರ ಕೆರೊಲಿನಾ ರಾಜ್ಯದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಟ್ಟು ನಿಲ್ಲುವ ಮುನ್ನವೇ ಸ್ತನ ಕ್ಯಾನ್ಸರಿಗೆ ತುತ್ತಾದ ಕಪ್ಪು ಮಹಿಳೆಯರ ಗೆಡ್ಡೆಗಳಲ್ಲಿ ಶೇಕಡಾ 39ರಷ್ಟು ‘ಬೇಸಲ್’ ಎಂಬ ಉಗ್ರ ಬಗೆಯವಾಗಿದ್ದವು. ಇತರ ಮಹಿಳೆಯರಲ್ಲಿ ಅದು ಶೇಕಡಾ 16. ಜೀವಶಾಸ್ತ್ರವೂ ಸಮಾಜವೂ ಹೆಣೆದುಕೊಂಡಿರುವ ಈ ಸಮಸ್ಯೆಯನ್ನು ಒಂದೇ ಶಾಸ್ತ್ರದವರು ಬಿಡಿಸಲಾರರು.

ಅಸಮಾನತೆಯ ಇನ್ನೊಂದು ಮುಖ ಸಂಶೋಧನೆಯ ದತ್ತಾಂಶದಲ್ಲಿಯೇ ಅಡಗಿದೆ. ಇಡೀ ವಂಶವಾಹಿ ಸಮೂಹವನ್ನು ಜಾಲಾಡುವ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ 2009ರಲ್ಲಿ ಶೇಕಡಾ 96ರಷ್ಟು ಮಂದಿ ಐರೋಪ್ಯ ಮೂಲದವರಾಗಿದ್ದರು. 2016ರ ಲೆಕ್ಕದಲ್ಲಿ ಅದು ಶೇಕಡಾ 81ಕ್ಕೆ ಇಳಿದಿದ್ದರೂ ಆಫ್ರಿಕಾ ಮೂಲದವರ ಪಾಲು ಶೇಕಡಾ 3ರಷ್ಟೇ ಇತ್ತು. ಇದರ ಪರಿಣಾಮ ನೇರವಾಗಿ ರೋಗಿಯ ಮೇಲಾಗುತ್ತದೆ. ಪ್ರಯೋಗಾಲಯವು ವಂಶವಾಹಿಯಲ್ಲಿ ಒಂದು ಬದಲಾವಣೆಯನ್ನು ಕಂಡಾಗ ಅದು ಹಾನಿಕರವೋ ನಿರುಪದ್ರವಿಯೋ ಎಂದು ಹೇಳಲು ಹಿಂದಿನ ದಾಖಲೆಗಳನ್ನು ನೋಡುತ್ತದೆ. ಆ ಜನಸಮುದಾಯದ ದಾಖಲೆಯೇ ಇಲ್ಲದಿದ್ದರೆ ‘ಅರ್ಥ ಅನಿಶ್ಚಿತ’ ಎಂಬ ಷರಾ ಬರೆದು ವರದಿ ಕೊಡಲಾಗುತ್ತದೆ. ಬಿಳಿಯರಲ್ಲದವರಿಗೆ ಇಂಥ ವರದಿ ಬರುವ ಸಂಭವ ಹೆಚ್ಚು. ಹಣ ತೆತ್ತು ಪರೀಕ್ಷೆ ಮಾಡಿಸಿಯೂ ಹೌದೋ ಅಲ್ಲವೋ ತಿಳಿಯದೆ ಮನೆಗೆ ಮರಳುವ ಸ್ಥಿತಿ ಅದು.

ಷಿಕಾಗೋದಿಂದ ಇಬಾದಾನ್‌ವರೆಗೆ

ಈ ಹಿನ್ನೆಲೆಯಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಕಾರ್ಯಕ್ರಮ ಅಧ್ಯಯನಯೋಗ್ಯವಾದುದು. ಅದರ ಮುಂದಾಳು ಡಾ. ಒಲುಫುನ್ಮಿಲಾಯೊ ಒಲೊಪಾಡೆ ಅವರು ನೈಜೀರಿಯಾದಲ್ಲಿ ಹುಟ್ಟಿ, ಇಬಾದಾನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪದವಿ ಪಡೆದು, ಅಮೆರಿಕಕ್ಕೆ ಹೋಗಿ ನೆಲೆಸಿದವರು. ಆನುವಂಶಿಕ ಕ್ಯಾನ್ಸರಿನ ಅಪಾಯವಿರುವ ಕುಟುಂಬಗಳಿಗಾಗಿ 1990ರ ದಶಕದಲ್ಲಿ ಷಿಕಾಗೋದಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ಕಟ್ಟಿದರು. 2005ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಪುರಸ್ಕಾರ ದೊರೆಯಿತು.

ಅಮೆರಿಕದ ಕಪ್ಪು ಜನರಲ್ಲಿ ಬಹುಮಂದಿಯ ಪೂರ್ವಜರು ಪಶ್ಚಿಮ ಆಫ್ರಿಕಾದವರು. ಚಿಕ್ಕ ವಯಸ್ಸಿನಲ್ಲಿಯೇ ಉಗ್ರ ಕ್ಯಾನ್ಸರ್ ಬರುವ ಪ್ರವೃತ್ತಿ ಎರಡು ಕಡೆಯೂ ಕಂಡುಬಂದದ್ದರಿಂದ ಇಬಾದಾನ್‌ನ ಆಸ್ಪತ್ರೆಯ ಸಹಯೋಗದಲ್ಲಿ ಅಧ್ಯಯನ ಆರಂಭವಾಯಿತು. 1998ರಿಂದ 2014ರವರೆಗೆ ಸ್ತನ ಕ್ಯಾನ್ಸರ್ ಪೀಡಿತ 1,136 ಮಹಿಳೆಯರನ್ನೂ ಕ್ಯಾನ್ಸರ್ ಇಲ್ಲದ 997 ಮಹಿಳೆಯರನ್ನೂ ಅದರಲ್ಲಿ ಸೇರಿಸಿಕೊಳ್ಳಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ರೋಗಿಗಳ ಪೈಕಿ ಶೇಕಡಾ 14.7ರಷ್ಟು ಮಂದಿಯಲ್ಲಿ ಆನುವಂಶಿಕ ದೋಷವಿತ್ತು. ರೋಗವಿಲ್ಲದವರಲ್ಲಿ ಅದು ಶೇಕಡಾ 1.8. ಅಂದರೆ ಸುಮಾರು ಏಳು ರೋಗಿಗಳಲ್ಲಿ ಒಬ್ಬರ ರೋಗಕ್ಕೆ ಮನೆತನದ ಮೂಲವಿತ್ತು. ಬಿಆರ್‌ಸಿಎ-1 ಒಂದರ ಪಾಲೇ ಶೇಕಡಾ 7. ಆ ಏಳರಲ್ಲೊಬ್ಬರ ಅಕ್ಕತಂಗಿಯರನ್ನೂ ಹೆಣ್ಣುಮಕ್ಕಳನ್ನೂ ಮೊದಲೇ ಎಚ್ಚರಿಸಬಹುದು ಎಂಬುದು ಈ ಅಂಕಿಯ ನಿಜವಾದ ಅರ್ಥ.

ಇದೇ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಪ್ರಯತ್ನವೂ ನಡೆಯಿತು. ಎನ್.ಐ.ಎಚ್. ಎಂದು ಪ್ರಸಿದ್ಧವಾದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2003ರಲ್ಲಿ ಆರೋಗ್ಯದ ಅಸಮಾನತೆಯ ಅಧ್ಯಯನಕ್ಕೆಂದು ದೇಶದ ಎಂಟು ಕೇಂದ್ರಗಳಿಗೆ ಅನುದಾನ ನೀಡಿತು. ಅವುಗಳಲ್ಲಿ ಸಮಾಜಕಾರ್ಯ ತಜ್ಞೆ ಸಾರಾ ಗೆಲರ್ಟ್ ಅವರ ನಿರ್ದೇಶನದ ಷಿಕಾಗೋ ಕೇಂದ್ರವೂ ಒಂದು. ಅಲ್ಲಿ ನಾಲ್ಕು ಯೋಜನೆಗಳು ಜೊತೆಜೊತೆಯಾಗಿ ಸಾಗಿದವು. ಒಂದು, ಆಫ್ರಿಕಾ ಮೂಲದ ಮಹಿಳೆಯರ ವಂಶವಾಹಿ ಅಧ್ಯಯನ. ಇನ್ನೊಂದು, ನಗರದ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಹೊಸದಾಗಿ ರೋಗಪತ್ತೆಯಾದ ಕಪ್ಪು ಮಹಿಳೆಯರ ಜೀವನಸ್ಥಿತಿಯ ಅಧ್ಯಯನ. ಉಳಿದೆರಡು, ಒಂಟಿಯಾಗಿಟ್ಟ ಇಲಿಗಳಲ್ಲಿ ಗೆಡ್ಡೆಗಳು ಬೆಳೆಯುವ ಬಗೆಯನ್ನು ಪರಿಶೀಲಿಸುವ ಪ್ರಾಣಿ ಪ್ರಯೋಗಗಳು. ಒಂಟಿತನ ಮತ್ತು ಭಯ ದೇಹದೊಳಗೆ ಇಳಿದು ರೋಗವನ್ನು ಹೇಗೆ ಪ್ರಭಾವಿಸುತ್ತವೆ ಎಂಬುದು ಇವೆಲ್ಲವನ್ನೂ ಜೋಡಿಸಿದ ಪ್ರಶ್ನೆ. ಇದರ ಅಂಗವಾಗಿ ಬಡಾವಣೆಗಳ 500ಕ್ಕೂ ಹೆಚ್ಚು ನಿವಾಸಿಗಳೊಡನೆ 49 ಗುಂಪುಚರ್ಚೆಗಳನ್ನು ನಡೆಸಿ ಅವರ ಅಭಿಪ್ರಾಯವನ್ನು ಕೇಳಲಾಯಿತು.

ವಂಶವಾಹಿ ತಜ್ಞರು, ಸಮಾಜಕಾರ್ಯಕರ್ತರು, ಪ್ರಾಣಿಪ್ರಯೋಗ ನಡೆಸುವವರು ಮತ್ತು ಬಡಾವಣೆಯ ಜನರು ಒಂದೇ ಯೋಜನೆಯಲ್ಲಿ ಕೂಡಿ ದುಡಿಯಬೇಕಾದಾಗ ಅವರ ನಡುವೆ ಸೇತುವೆಯಾಗುವುದು ಆಡಳಿತ ಘಟಕ. ಎನ್.ಐ.ಎಚ್. ಅನುದಾನದ ಬಹುತೇಕ ದೊಡ್ಡ ಕೇಂದ್ರಗಳಲ್ಲಿ ಇಂಥ ಘಟಕವನ್ನು ಅರ್ಜಿಯ ಹಂತದಲ್ಲಿಯೇ ಪ್ರತ್ಯೇಕವಾಗಿ ತೋರಿಸಬೇಕಾಗುತ್ತದೆ. ಅದಕ್ಕೆ ತನ್ನದೇ ಆಯವ್ಯಯವೂ ಹೊಣೆಗಾರಿಕೆಯೂ ಇರುತ್ತವೆ.

ಆಡಳಿತ ಘಟಕದ ಕೆಲಸಗಳು

ಹಣಕಾಸು: ಅನುದಾನ ಸಾಮಾನ್ಯವಾಗಿ ಐದು ವರ್ಷಗಳ ಅವಧಿಗೆ ಮಂಜೂರಾದರೂ ವರ್ಷದಿಂದ ವರ್ಷಕ್ಕೆ ಬಿಡುಗಡೆಯಾಗುತ್ತದೆ. ಪ್ರತಿವರ್ಷ ಪ್ರಗತಿ ವರದಿ ಸಲ್ಲಿಸದೆ ಮುಂದಿನ ಕಂತು ಬರುವುದಿಲ್ಲ. ವೆಚ್ಚದಲ್ಲಿ ಎರಡು ಬಗೆ. ಸಂಬಳ, ರಾಸಾಯನಿಕ, ಪ್ರಯಾಣ ಮುಂತಾದವು ನೇರ ವೆಚ್ಚ. ಕಟ್ಟಡ, ವಿದ್ಯುತ್ತು, ಗ್ರಂಥಾಲಯ, ಲೆಕ್ಕಪತ್ರ ವಿಭಾಗ ಮೊದಲಾದವುಗಳ ಪಾಲು ಪರೋಕ್ಷ ವೆಚ್ಚ. ಇಬಾದಾನ್‌ನಂಥ ಸಹಭಾಗಿ ಸಂಸ್ಥೆಗೆ ಹಣ ಹೋಗಬೇಕಾದರೆ 2025ರವರೆಗೆ ಉಪ ಅನುದಾನದ ಒಪ್ಪಂದ ಬೇಕಾಗಿತ್ತು. ಅಲ್ಲಿನ ಬಿಲ್ಲು, ವಿನಿಮಯ ದರ, ಇಲ್ಲಿನ ಪುಸ್ತಕ, ಮೂರೂ ತಾಳೆಯಾಗಬೇಕು. ಯೋಜನೆ ಮುಗಿದ 120 ದಿನಗಳೊಳಗೆ ಅಂತಿಮ ವರದಿಗಳನ್ನು ಸಲ್ಲಿಸಬೇಕು. ಆ ಬಳಿಕವೂ ಮೂರು ವರ್ಷ ದಾಖಲೆಗಳನ್ನು ಕಾಯ್ದಿಡಬೇಕು. ಒಂದು ಕಂತು ತಡವಾದರೆ ಬಡಾವಣೆಯಲ್ಲಿ ಮನೆಮನೆಗೆ ಹೋಗುವ ಗುತ್ತಿಗೆ ಕಾರ್ಯಕರ್ತೆಯ ಸಂಬಳ ಮೊದಲು ನಿಲ್ಲುತ್ತದೆ. ಆಕೆ ಕೆಲಸ ಬಿಟ್ಟರೆ ಆಕೆಯೊಡನೆ ಬೆಳೆದ ಪರಿಚಯ, ವಿಶ್ವಾಸಗಳೂ ಹೋಗುತ್ತವೆ. ಇನ್ನೊಬ್ಬರನ್ನು ನೇಮಿಸಿದ ಮಾತ್ರಕ್ಕೆ ಅವು ಮರಳಿ ಬರುವುದಿಲ್ಲ.

ನೀತಿ ಸಮಿತಿಯ ಅನುಮತಿ: ಮನುಷ್ಯರನ್ನು ಒಳಗೊಂಡ ಯಾವ ಅಧ್ಯಯನವೂ ಸಂಸ್ಥೆಯ ನೀತಿ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಆರಂಭವಾಗುವಂತಿಲ್ಲ. ಹಲವು ಸಂಸ್ಥೆಗಳು ಸೇರಿ ಒಂದೇ ಅಧ್ಯಯನ ನಡೆಸುವಾಗ ಅಮೆರಿಕದೊಳಗಿನ ಎಲ್ಲ ಕೇಂದ್ರಗಳಿಗೂ ಒಂದೇ ಸಮಿತಿ ಸಾಕೆಂಬ ನಿಯಮವನ್ನು ಎನ್.ಐ.ಎಚ್. 2018ರ ಜನವರಿಯಿಂದ ಜಾರಿಗೆ ತಂದಿತು. ವಿದೇಶದ ಕೇಂದ್ರಕ್ಕೆ ಮಾತ್ರ ಆ ದೇಶದ ಸಮಿತಿಯ ಅನುಮತಿ ಬೇರೆಯಾಗಿಯೇ ಬೇಕು. ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆಯನ್ನು ಬದಲಿಸಿದರೂ ಪರಿಷ್ಕೃತ ಪ್ರತಿಯನ್ನು ಸಲ್ಲಿಸಬೇಕು. ಹಳೆಯ ಪ್ರತಿಯ ಮೇಲೆ ಪಡೆದ ಸಹಿ ಹೊಸ ಅಧ್ಯಯನಕ್ಕೆ ಸಲ್ಲದು. ಯಾವ ದಿನಾಂಕದ ಪ್ರತಿ ಚಾಲ್ತಿಯಲ್ಲಿದೆ ಎಂಬುದರ ಮೇಲೆ ಸಂಯೋಜಕರು ಸದಾ ಕಣ್ಣಿಟ್ಟಿರಬೇಕಾಗುತ್ತದೆ.

ಒಪ್ಪಿಗೆ ಪತ್ರ: ಅರಿತು ಕೊಟ್ಟ ಒಪ್ಪಿಗೆ ಮಾತ್ರ ಒಪ್ಪಿಗೆ. 2019ರಲ್ಲಿ ಜಾರಿಗೆ ಬಂದ ಅಮೆರಿಕದ ಪರಿಷ್ಕೃತ ನಿಯಮಾವಳಿಯ ಪ್ರಕಾರ ಪತ್ರದ ಆರಂಭದಲ್ಲಿಯೇ ಮುಖ್ಯ ಸಂಗತಿಗಳನ್ನು ಅಡಕವಾಗಿ, ತಿಳಿಯಾಗಿ ಹೇಳಬೇಕು. ಭಾಷಾಂತರವೆಂಬುದು ಇಲ್ಲಿ ಬಹು ಸೂಕ್ಷ್ಮವಾದ ಕೆಲಸ. ಇಬಾದಾನ್ ಪ್ರದೇಶದ ಜನಭಾಷೆ ಯೊರುಬಾ. ‘ವಂಶದಲ್ಲಿ ಬಂದ ದೋಷ’ ಎಂಬ ಮಾತನ್ನು ಅಜಾಗರೂಕತೆಯಿಂದ ಭಾಷಾಂತರಿಸಿದರೆ ಅದು ಮನೆತನದ ಶಾಪ ಎಂಬ ಅರ್ಥವನ್ನು ಹೊಮ್ಮಿಸಬಹುದು. ನಮ್ಮಲ್ಲಿಯೂ ‘ಅವರ ಮನೆತನದಲ್ಲಿ ಕಾಯಿಲೆಯಿದೆಯಂತೆ’ ಎಂಬ ಒಂದು ಮಾತು ಹೆಣ್ಣುಮಕ್ಕಳ ಮದುವೆಯ ಮಾತುಕತೆಯನ್ನು ಮುರಿಯಬಲ್ಲದು. ಆದುದರಿಂದ ಒಬ್ಬರು ಅನುವಾದಿಸಿದ್ದನ್ನು ಇನ್ನೊಬ್ಬರು ಮೂಲಭಾಷೆಗೆ ಮರಳಿ ಅನುವಾದಿಸಿ, ಎರಡನ್ನೂ ಒತ್ತಟ್ಟಿಗಿಟ್ಟು ನೋಡುವ ಪದ್ಧತಿಯಿದೆ. ಬ್ಯಾಂಕಿನಲ್ಲಿ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ಪರಿಶೀಲಿಸಿ ಸಹಿ ಹಾಕುವ ಕ್ರಮಕ್ಕೂ ಇದಕ್ಕೂ ತತ್ತ್ವ ಒಂದೇ.

ಮಾದರಿಗಳ ಪಾಲನೆ: ಸಂಗ್ರಹಿಸಿದ ರಕ್ತದ ನಳಿಕೆಯ ಮೇಲೆ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆಯಿರುತ್ತದೆ. ಹೆಸರನ್ನೂ ಸಂಖ್ಯೆಯನ್ನೂ ಜೋಡಿಸುವ ಪಟ್ಟಿ ಬೇರೊಂದು ಕಡೆ ಬೀಗದೊಳಗಿರುತ್ತದೆ. ಬಹುಕಾಲ ಉಳಿಯಬೇಕಾದ ಮಾದರಿಗಳನ್ನು ಸಾಮಾನ್ಯವಾಗಿ ಶೂನ್ಯಕ್ಕಿಂತ 80 ಡಿಗ್ರಿ ಕೆಳಗಿನ ಶೀತದಲ್ಲಿಡುತ್ತಾರೆ. ವಿದ್ಯುತ್ತು ಕೈಕೊಟ್ಟಾಗ ಜನರೇಟರ್ ಹೊತ್ತಿಕೊಳ್ಳಬೇಕು, ಮಧ್ಯರಾತ್ರಿಯಾದರೂ ಯಾರಿಗಾದರೂ ಕರೆ ಹೋಗಬೇಕು. ವಿಮಾನದಲ್ಲಿ ಕಳುಹಿಸಲು ಒಣ ಮಂಜುಗಡ್ಡೆ, ಅಂತರರಾಷ್ಟ್ರೀಯ ನಿಯಮದಂತೆ ಮೂರು ಪದರದ ಕಟ್ಟು, ಸುಂಕದ ಕಾಗದ, ಎರಡೂ ಸಂಸ್ಥೆಗಳ ನಡುವಿನ ಮಾದರಿ ವರ್ಗಾವಣೆ ಒಪ್ಪಂದ, ಇಷ್ಟೂ ಬೇಕು. ಒಂದು ಕಾಗದದ ಕೊರತೆಯಿಂದ ಪೆಟ್ಟಿಗೆ ವಿಮಾನ ನಿಲ್ದಾಣದಲ್ಲಿ ನಿಂತರೆ ಮಂಜು ಕರಗುತ್ತದೆ. ತಾಯಂದಿರು ನಂಬಿ ಕೊಟ್ಟ ರಕ್ತ ವ್ಯರ್ಥವಾಗುತ್ತದೆ. ಇಬಾದಾನ್ ಅಧ್ಯಯನದ ಅವಧಿ ಹದಿನಾರು ವರ್ಷ ಎಂಬುದನ್ನು ಇಲ್ಲಿ ನೆನೆಯಬೇಕು. ಅಷ್ಟು ದೀರ್ಘ ಕಾಲದಲ್ಲಿ ಸಿಬ್ಬಂದಿ ಬದಲಾಗುತ್ತಾರೆ, ಗಣಕಯಂತ್ರಗಳು ಬದಲಾಗುತ್ತವೆ, ಪರೀಕ್ಷೆಯ ವಿಧಾನವೇ ಬದಲಾಗುತ್ತದೆ. ಮೊದಲ ವರ್ಷ ಅಂಟಿಸಿದ ಚೀಟಿಯನ್ನು ಕೊನೆಯ ವರ್ಷದವರು ಓದಿ ಅರ್ಥಮಾಡಿಕೊಳ್ಳುವಂತಿದ್ದರೆ ಮಾತ್ರ ಫಲಿತಾಂಶ ಸಾಧ್ಯ.

ಎಣಿಕೆ: 1993ರ ಕಾಯಿದೆಯೊಂದರ ಪ್ರಕಾರ ಎನ್.ಐ.ಎಚ್. ಹಣದಿಂದ ನಡೆಯುವ ವೈದ್ಯಕೀಯ ಸಂಶೋಧನೆಯಲ್ಲಿ ಮಹಿಳೆಯರನ್ನೂ ಅಲ್ಪಸಂಖ್ಯಾತ ಜನಾಂಗದವರನ್ನೂ ಸೇರಿಸಿಕೊಳ್ಳುವುದು ಕಡ್ಡಾಯ. ಪ್ರತಿವರ್ಷದ ವರದಿಯಲ್ಲಿ ಎಷ್ಟು ಮಂದಿಯನ್ನು ಸೇರಿಸುವ ಗುರಿಯಿತ್ತು, ನಿಜವಾಗಿ ಎಷ್ಟು ಮಂದಿ ಬಂದರು ಎಂಬ ಕೋಷ್ಟಕವಿರುತ್ತದೆ. ಗುರಿಗಿಂತ ಕಡಿಮೆಯಾದಾಗ ‘ಅವರು ಬರಲಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಒಳ್ಳೆಯ ಸಂಯೋಜಕರು ಏಕೆ ಬರಲಿಲ್ಲ ಎಂದು ಕೇಳುತ್ತಾರೆ. ಚಿಕಿತ್ಸಾಲಯದ ವೇಳೆ ಕೂಲಿಯ ವೇಳೆಯಾಗಿತ್ತೇ? ಎರಡು ಬಸ್ಸು ಬದಲಿಸಬೇಕಿತ್ತೇ? ಮಗುವನ್ನು ನೋಡಿಕೊಳ್ಳುವವರಿರಲಿಲ್ಲವೇ? ಸಂಜೆಯ ವೇಳೆ, ಬಸ್ ಖರ್ಚು, ಮಕ್ಕಳಿಗೊಂದು ಕೋಣೆ, ಇವುಗಳಿಗೆ ಆಯವ್ಯಯದಲ್ಲಿ ಮೊದಲೇ ಸ್ಥಳವಿಟ್ಟರೆ ಆ ಕೋಷ್ಟಕದ ಅಂಕಿ ಬದಲಾಗುತ್ತದೆ.

ಫಲಿತಾಂಶವನ್ನು ಮರಳಿಸುವುದು: ಸಂಶೋಧನಾ ಪ್ರಯೋಗಾಲಯದಲ್ಲಿ ಕಂಡದ್ದನ್ನು ನೇರವಾಗಿ ರೋಗಿಗೆ ಹೇಳಿ ಚಿಕಿತ್ಸೆಯನ್ನು ನಿರ್ಧರಿಸಲು ಅಮೆರಿಕದಲ್ಲಿ ಅವಕಾಶವಿಲ್ಲ. 1988ರ ಪ್ರಯೋಗಾಲಯ ಕಾಯಿದೆಯ ಪ್ರಕಾರ ಪ್ರಮಾಣಪತ್ರ ಪಡೆದ ಪ್ರಯೋಗಾಲಯದಲ್ಲಿ ಅದನ್ನು ದೃಢಪಡಿಸಬೇಕು. ಆ ಎರಡನೆಯ ಪರೀಕ್ಷೆಯ ವೆಚ್ಚ ಯಾರದು, ಫಲಿತಾಂಶ ಬರುವ ಮುನ್ನ ರೋಗಿ ತೀರಿಕೊಂಡರೆ ಯಾರಿಗೆ ತಿಳಿಸಬೇಕು, ವಿಳಾಸ ಬದಲಾಗಿದ್ದರೆ ಹುಡುಕುವವರು ಯಾರು ಎಂಬುದನ್ನೆಲ್ಲ ಯೋಜನೆಯ ಮೊದಲ ದಿನವೇ ಬರೆದಿಡಬೇಕು. ಬರೆದಿಡದಿದ್ದಲ್ಲಿ ಜ್ಞಾನ ಪತ್ರಿಕೆಗೆ ಹೋಗುತ್ತದೆ, ಮನೆಗೆ ಹೋಗುವುದಿಲ್ಲ. ರಕ್ತ ಕೊಟ್ಟವರು ಒಂದು ಕಡೆ, ಅದರ ಫಲ ಉಂಡವರು ಇನ್ನೊಂದು ಕಡೆ ಎಂದಾದರೆ ಅಸಮಾನತೆಯನ್ನು ಅಳೆಯಲು ಹೊರಟ ಸಂಶೋಧನೆಯೇ ಅದನ್ನು ಬೆಳೆಸಿದಂತಾಗುತ್ತದೆ.

ನಂಬಿಕೆಯ ಹಳೆಯ ಸಾಲ

ಇಷ್ಟೊಂದು ಕಾಗದ ಪತ್ರ ಏಕೆಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯು ಸುಮಾರು 600 ಮಂದಿ ಕಪ್ಪು ಪುರುಷರ ಮೇಲೆ ಅಧ್ಯಯನ ನಡೆಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ಪೆನಿಸಿಲಿನ್ ಬಳಕೆಗೆ ಬಂದ ಬಳಿಕವೂ ಅವರಿಗೆ ಚಿಕಿತ್ಸೆ ಕೊಡದೆ ರೋಗ ಬೆಳೆಯುವುದನ್ನು ನೋಡುತ್ತ ಕೂಡಲಾಯಿತು. ಈ ಪ್ರಕರಣ ಬೆಳಕಿಗೆ ಬಂದ ಮೇಲೆ 1974ರ ರಾಷ್ಟ್ರೀಯ ಸಂಶೋಧನಾ ಕಾಯಿದೆ, 1979ರ ಬೆಲ್ಮಾಂಟ್ ವರದಿ ಬಂದವು. ಇಂದಿನ ನೀತಿ ಸಮಿತಿಗಳ ಬೇರು ಅಲ್ಲಿದೆ.

1951ರಲ್ಲಿ ಬಾಲ್ಟಿಮೋರಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಜೀವಕೋಶಗಳನ್ನು ಆಕೆಯ ಅರಿವಿಗೆ ತಾರದೆ ತೆಗೆದಿರಿಸಲಾಗಿತ್ತು. ಅವು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆದವು. ಆ ಕೋಶಗಳ ವಂಶವಾಹಿ ಮಾಹಿತಿಯ ಬಳಕೆಯ ಬಗ್ಗೆ ನಿರ್ಧರಿಸುವ ಸಮಿತಿಯಲ್ಲಿ ಆಕೆಯ ಕುಟುಂಬಕ್ಕೆ ಸ್ಥಾನ ದೊರೆತದ್ದು 2013ರಲ್ಲಿ. ವಿಮಾ ಕಂಪನಿಯಾಗಲಿ ಉದ್ಯೋಗದಾತರಾಗಲಿ ವಂಶವಾಹಿ ಮಾಹಿತಿಯನ್ನು ಮುಂದಿಟ್ಟು ತಾರತಮ್ಯ ಮಾಡಬಾರದೆಂಬ ಕಾಯಿದೆ ಅಮೆರಿಕದಲ್ಲಿ 2008ರಲ್ಲಿ ಬಂದಿತು. ಆದರೆ ಅದು ಆರೋಗ್ಯ ವಿಮೆ ಮತ್ತು ಉದ್ಯೋಗಕ್ಕೆ ಸೀಮಿತ. ಜೀವ ವಿಮೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಇದನ್ನೂ ಒಪ್ಪಿಗೆ ಪಡೆಯುವಾಗ ಹೇಳಬೇಕು. ಹೇಳುವವರು ಸಂಯೋಜಕರೇ.

2025ರ ಬದಲಾವಣೆಗಳು

ಈ ವ್ಯವಸ್ಥೆ ಎಷ್ಟು ನಾಜೂಕಾದುದು ಎಂಬುದು 2025ರಲ್ಲಿ ತೋರಿಬಂದಿತು. ಆ ವರ್ಷದ ಫೆಬ್ರವರಿಯಲ್ಲಿ ಎನ್.ಐ.ಎಚ್. ಪರೋಕ್ಷ ವೆಚ್ಚಕ್ಕೆ ಶೇಕಡಾ 15ರ ಮಿತಿಯನ್ನು ಘೋಷಿಸಿತು; ನ್ಯಾಯಾಲಯ ಅದನ್ನು ತಡೆಯಿತು. ಅದೇ ವರ್ಷ ಆರೋಗ್ಯದ ಅಸಮಾನತೆಗೆ ಸಂಬಂಧಿಸಿದ ಅನೇಕ ಅನುದಾನಗಳು ನಡುವೆಯೇ ರದ್ದಾದವು. ಮೇ ತಿಂಗಳಲ್ಲಿ, ವಿದೇಶಿ ಸಂಸ್ಥೆಗಳಿಗೆ ಹಳೆಯ ಮಾದರಿಯ ಉಪ ಅನುದಾನ ಕೊಡುವುದನ್ನು ನಿಲ್ಲಿಸಿ ಹೊಸ ಪದ್ಧತಿಯನ್ನು ತರುವುದಾಗಿ ಪ್ರಕಟಿಸಲಾಯಿತು. ಹಣದ ಲೆಕ್ಕ ಸ್ಪಷ್ಟವಾಗಿರಬೇಕೆಂಬುದು ಇದಕ್ಕೆ ಕೊಟ್ಟ ಒಂದು ಕಾರಣ.

ಲೆಕ್ಕ ಸ್ಪಷ್ಟವಾಗಿರಬೇಕೆಂಬುದಕ್ಕೆ ನಮ್ಮ ತಕರಾರಿಲ್ಲ. ಆದರೆ ವರ್ಷಗಟ್ಟಲೆ ಹಿಂಬಾಲಿಸಬೇಕಾದ ರೋಗಿಗಳ ಅಧ್ಯಯನ ನಡುವೆ ನಿಂತರೆ ಅದನ್ನು ನಿಲ್ಲಿಸಿದಲ್ಲಿಂದ ಮತ್ತೆ ಆರಂಭಿಸಲಾಗುವುದಿಲ್ಲ. ಶೀತಕದಲ್ಲಿರುವ ಮಾದರಿಗಳಿಗೆ ವಿದ್ಯುತ್ತು ನಿಲ್ಲುವಂತಿಲ್ಲ. ಆಡಳಿತ ಬಲವಾಗಿದ್ದರೆ ಬದಲಿ ಹಣ ಹುಡುಕುವವರೆಗೆ ಮಾದರಿಗಳನ್ನೂ ದಾಖಲೆಗಳನ್ನೂ ಕಾಯ್ದುಕೊಳ್ಳಬಹುದು. ಅದು ದುರ್ಬಲವಾಗಿದ್ದರೆ ಹತ್ತಾರು ವರ್ಷಗಳ ದುಡಿಮೆ ಕೆಲವೇ ತಿಂಗಳಲ್ಲಿ ಚದುರಿಹೋಗುತ್ತದೆ.

ನಮ್ಮ ನೆಲದ ನಂಟು

ಈ ವಿಷಯಕ್ಕೂ ನಮಗೂ ಸಂಬಂಧವಿಲ್ಲವೆನ್ನುವಂತಿಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮಕ್ಕಳು, ಬಂಧುಗಳು ಅಲ್ಲಿನ ಎಣಿಕೆಯಲ್ಲಿ ‘ಏಷ್ಯನ್’ ಎಂಬ ಒಂದೇ ಖಾನೆಯಲ್ಲಿ ಸೇರುತ್ತಾರೆ. ಚೀನಾ, ಜಪಾನ್, ಫಿಲಿಪೈನ್ಸ್, ಭಾರತ, ಎಲ್ಲ ಮೂಲದವರೂ ಅಲ್ಲಿ ಒಂದೇ ಅಂಕಿಯಾಗುತ್ತಾರೆ. ಸರಾಸರಿ ಚೆನ್ನಾಗಿ ಕಂಡರೆ ಅದರೊಳಗಿನ ಒಂದು ಗುಂಪಿನ ಕಷ್ಟ ಮರೆಯಾಗುತ್ತದೆ.

ಭಾರತದಲ್ಲಿಯೂ ಕ್ಯಾನ್ಸರ್ ಎಣಿಕೆಗೆ ದೀರ್ಘ ಇತಿಹಾಸವಿದೆ. ದೇಶದ ಮೊದಲ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯನ್ನು ಇಂಡಿಯನ್ ಕ್ಯಾನ್ಸರ್ ಸೊಸೈಟಿ 1963ರಲ್ಲಿ ಮುಂಬಯಿಯಲ್ಲಿ ಆರಂಭಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ತೊಡಗಿದಾಗ ಬೆಂಗಳೂರು, ಮುಂಬಯಿ, ಮದರಾಸುಗಳ ನೋಂದಣಿಗಳು ಅದರ ಮೊದಲ ಆಧಾರಗಳಾದವು. ಬೆಂಗಳೂರಿನ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿದೆ. ಇಡೀ ಕಾರ್ಯಕ್ರಮವನ್ನು ನಡೆಸುವ ರಾಷ್ಟ್ರೀಯ ಕೇಂದ್ರವೂ ಬೆಂಗಳೂರಿನಲ್ಲಿಯೇ ಇದೆ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ವಂಶವಾಹಿ ದತ್ತಾಂಶದ ಕೊರತೆಯನ್ನು ತುಂಬುವ ದಿಕ್ಕಿನಲ್ಲಿ ಜೀನೋಮ್ ಇಂಡಿಯಾ ಯೋಜನೆ ದೊಡ್ಡ ಹೆಜ್ಜೆ. 2020ರಲ್ಲಿ ಆರಂಭವಾದ ಇದರಲ್ಲಿ 20 ಸಂಸ್ಥೆಗಳು ಪಾಲ್ಗೊಂಡವು. ಅವುಗಳ ಸಂಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ವಹಿಸಿಕೊಂಡಿತು. 10,000 ಭಾರತೀಯರ ವಂಶವಾಹಿ ದತ್ತಾಂಶವನ್ನು 2025ರ ಜನವರಿ 9ರಂದು ಸಂಶೋಧಕರ ಬಳಕೆಗೆ ಬಿಡುಗಡೆ ಮಾಡಲಾಯಿತು. ಅದನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ ಇಡಲಾಗಿದೆ. ‘ಅರ್ಥ ಅನಿಶ್ಚಿತ’ ಎಂಬ ಷರಾ ನಮ್ಮವರ ವರದಿಗಳಲ್ಲಿ ಕಡಿಮೆಯಾಗಬೇಕಾದರೆ ಇಂಥ ದತ್ತಾಂಶವೇ ಆಧಾರ. ವಿದೇಶಿ ಸಹಯೋಗದ ಆರೋಗ್ಯ ಸಂಶೋಧನೆಗೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿ ಬೇಕು. ಪಾಲ್ಗೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ನೀಡಬೇಕೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಪರರಾಜ್ಯದ ಕನ್ನಡಿಗರಾದ ನಮಗೆ ಈ ಕೊನೆಯ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮುಂಬಯಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ. ಮರಾಠಿ, ಹಿಂದಿ, ಇಂಗ್ಲಿಷ್ ಬಾರದ ಹಿರಿಯ ತಾಯಿಯೊಬ್ಬರಿಗೆ ಅರ್ಥವಾಗದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆ ಎನಿಸುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

ನಮ್ಮ ಮನೆಯವರನ್ನು ಯಾವುದಾದರೂ ಸಂಶೋಧನೆಗೆ ಸೇರಲು ಕೇಳಿದಾಗ ಹೆದರಬೇಕಾಗಿಲ್ಲ. ಕಣ್ಣುಮುಚ್ಚಿ ಸಹಿ ಹಾಕಬೇಕಾಗಿಯೂ ಇಲ್ಲ. ಕೆಲವು ಪ್ರಶ್ನೆಗಳನ್ನು ಕೇಳುವುದು ನಮ್ಮ ಹಕ್ಕು.

1. ಈ ಪತ್ರ ಕನ್ನಡದಲ್ಲಿ ದೊರೆಯುತ್ತದೆಯೇ? ಇಲ್ಲವಾದರೆ ಕನ್ನಡದಲ್ಲಿ ಓದಿ ವಿವರಿಸುವವರು ಇದ್ದಾರೆಯೇ?

2. ಯಾವ ನೀತಿ ಸಮಿತಿ ಇದಕ್ಕೆ ಅನುಮತಿ ನೀಡಿದೆ? ಸಂದೇಹ ಬಂದರೆ ಯಾರನ್ನು ಸಂಪರ್ಕಿಸಬೇಕು?

3. ರಕ್ತ ಅಥವಾ ಅಂಗಾಂಶದ ಮಾದರಿ ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಇರುತ್ತದೆ? ಮುಂದೆ ಬೇರೆ ಅಧ್ಯಯನಕ್ಕೆ ಬಳಸುವಾಗ ಮತ್ತೆ ಕೇಳುತ್ತಾರೆಯೇ?

4. ಮನೆತನಕ್ಕೆ ಮುಖ್ಯವಾದ ಸಂಗತಿ ಕಂಡುಬಂದರೆ ನಮಗೆ ತಿಳಿಸುತ್ತಾರೆಯೇ? ದೃಢೀಕರಣ ಪರೀಕ್ಷೆಯ ವೆಚ್ಚ ಯಾರದು?

5. ನಡುವೆ ಹಿಂದೆ ಸರಿಯಬಹುದೇ? ಸರಿದರೆ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲವೇ?

ಈ ಪ್ರಶ್ನೆಗಳಿಗೆ ತಡವರಿಸದೆ, ತಾಳ್ಮೆಯಿಂದ ಉತ್ತರಿಸುವ ಕಛೇರಿ ಇರುವಲ್ಲಿ ಸಂಶೋಧನೆಯೂ ಚೆನ್ನಾಗಿರುತ್ತದೆಂದು ಬಹುಮಟ್ಟಿಗೆ ನಂಬಬಹುದು.

ಷಿಕಾಗೋದಲ್ಲಿ 2003ರ ಆ ಅಂತರ ಕಂಡ ಬಳಿಕ ಆಸ್ಪತ್ರೆಗಳು, ಸಮುದಾಯ ಸಂಘಟನೆಗಳು ಮತ್ತು ಸಂಶೋಧಕರು ಒಟ್ಟಾಗಿ 2007ರಲ್ಲಿ ಒಂದು ಕಾರ್ಯಪಡೆಯನ್ನು ಕಟ್ಟಿದರು. ತಪಾಸಣೆಯ ಗುಣಮಟ್ಟವನ್ನು ಅಳೆಯುವುದು, ಬಡ ಮಹಿಳೆಯರಿಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ದಾರಿ ತೋರುವುದು, ತಪ್ಪಿಹೋದವರನ್ನು ಮತ್ತೆ ಕರೆಯುವುದು ಮುಂತಾದ ಸಾಮಾನ್ಯವೆನಿಸುವ ಕೆಲಸಗಳನ್ನು ಪಟ್ಟುಹಿಡಿದು ಮಾಡಲಾಯಿತು. ಮುಂದಿನ ವರ್ಷಗಳಲ್ಲಿ ಮರಣ ಪ್ರಮಾಣದ ಅಂತರ ಕಿರಿದಾಯಿತು. ಆ ಪಟ್ಟಿಯಲ್ಲಿ ಹೊಸ ಔಷಧದ ಹೆಸರಿಲ್ಲ. ಬಿಟ್ಟುಹೋದ ಹೆಸರುಗಳನ್ನು ಹುಡುಕಿ ಪುಸ್ತಕಕ್ಕೆ ಸೇರಿಸಿದ್ದರಿಂದಲೂ ಜೀವಗಳು ಉಳಿಯಬಲ್ಲವು ಎಂಬುದಕ್ಕೆ ಅದು ಸಾಕ್ಷಿ.